ಡಯಾಲಿಸಿಸ್ ರೋಗಿಗಳಲ್ಲಿ ರಕ್ತದೊತ್ತಡದ ನಿರ್ವಹಣೆ

ಮೂತ್ರಪಿಂಡಗಳು ಪೂರ್ತಿ ಕೆಟ್ಟು ಡಯಾಲಿಸಿಸ್ ಯಂತ್ರವನ್ನು ನಂಬಿ ಬದುಕುವವರಲ್ಲಿ ಅಧಿಕ ರಕ್ತದೊತ್ತಡ ಇಲ್ಲದವರೇ ಅಪರೂಪ. ಯಾವ ಅಂಕಿಯನ್ನು ಮಿತಿಯೆಂದು ಇಟ್ಟುಕೊಳ್ಳುತ್ತೇವೆ, ಯಾವಾಗ ಅಳೆಯುತ್ತೇವೆ ಎಂಬುದರ ಮೇಲೆ ಲೆಕ್ಕ ಹೆಚ್ಚುಕಡಿಮೆಯಾದರೂ ನೂರಕ್ಕೆ 70ರಿಂದ 90 ಮಂದಿಯಲ್ಲಿ ಅದು ಕಾಣಸಿಗುತ್ತದೆ. ಅವರಲ್ಲಿ ಅನೇಕರು ದಿನಕ್ಕೆ ಎರಡು ಮೂರು ಬಗೆಯ ಬಿಪಿ ಮಾತ್ರೆ ನುಂಗುತ್ತಿರುತ್ತಾರೆ. ಒತ್ತಡ ಹಿಡಿತಕ್ಕೆ ಬಂದಿರುವುದು ಮಾತ್ರ ಕೆಲವರಲ್ಲೇ. ಈ ರೋಗಿಗಳ ಸಾವಿಗೆ ಮುಖ್ಯ ಕಾರಣ ಹೃದ್ರೋಗ. ವರ್ಷಗಟ್ಟಲೆ ಏರಿದ ಒತ್ತಡದ ಎದುರು ದುಡಿದು ದಪ್ಪಗಾದ ಹೃದಯದ ಎಡ ಕೆಳಕೋಣೆ ಅದಕ್ಕೆ ದಾರಿ ಮಾಡಿಕೊಡುತ್ತದೆ. ಉಳಿದವರ ಬಿಪಿಗೂ ಇವರ ಬಿಪಿಗೂ ಇರುವ ವ್ಯತ್ಯಾಸ ಚಿಕಿತ್ಸೆಯ ಸರದಿಯಲ್ಲಿದೆ. ಇಲ್ಲಿ ಮೊದಲು ದೇಹದಲ್ಲಿ ನಿಂತ ಉಪ್ಪು, ನೀರುಗಳನ್ನು ಹೊರಹಾಕಬೇಕು. ಮಾತ್ರೆಯ ಸರದಿ ಆಮೇಲೆ. ಅರವತ್ತು ವರ್ಷಗಳ ಹಿಂದೆಯೇ ಗೊತ್ತಾಗಿದ್ದ ಈ ಸಂಗತಿಯನ್ನು ವೈದ್ಯಲೋಕ ನಡುವೆ ಮರೆತು, ಈಗ ಮತ್ತೆ ಕಲಿಯುತ್ತಿದೆ.

ಒತ್ತಡ ಏಕೆ ಏರುತ್ತದೆ

ತಿಂದ ಉಪ್ಪಿನಲ್ಲಿ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮೂತ್ರದಲ್ಲಿ ಬಿಡುವುದು ಆರೋಗ್ಯವಂತ ಮೂತ್ರಪಿಂಡದ ಕೆಲಸ. ಆ ಕೆಲಸ ನಿಂತರೆ ಉಪ್ಪು ದೇಹದಲ್ಲೇ ಉಳಿಯುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಕುಡಿದ ನೀರನ್ನು ಹಿಡಿದಿಡುತ್ತದೆ. ಸುಮಾರು 8ರಿಂದ 9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ತನ್ನೊಡನೆ ನಿಲ್ಲಿಸಿಕೊಳ್ಳುತ್ತದೆ. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರು ಎರಡು ದಿನದಲ್ಲಿ ಎರಡು ಲೀಟರಿಗೂ ಮಿಕ್ಕಿದ ನೀರು ಹೊತ್ತು ಡಯಾಲಿಸಿಸ್‌ಗೆ ಬರುವುದು ಈ ಲೆಕ್ಕದಿಂದಲೇ. ಉಪ್ಪೆಲ್ಲವೂ ನೀರಿನ ಜೊತೆಗೇ ಇರುತ್ತದೆಂದೂ ಹೇಳುವಂತಿಲ್ಲ. ಚರ್ಮ ಮತ್ತು ಸ್ನಾಯುಗಳಲ್ಲಿ ಸೋಡಿಯಂ ಶೇಖರವಾಗುತ್ತದೆ ಎಂಬುದನ್ನು ಜರ್ಮನಿಯ ಸಂಶೋಧಕರು ಎಂಆರ್‌ಐ ಯಂತ್ರದ ವಿಶೇಷ ಬಳಕೆಯಿಂದ ತೋರಿಸಿದ್ದಾರೆ.

ಉಪ್ಪುನೀರು ಮೊದಲನೆಯ ಕಾರಣ, ಒಂದೇ ಕಾರಣವಲ್ಲ. ಕೆಲಸ ನಿಲ್ಲಿಸಿದ ಮೂತ್ರಪಿಂಡ ಸುಮ್ಮನಿರುವುದಿಲ್ಲ. ರೆನಿನ್ ಎಂಬ ಕಿಣ್ವವನ್ನು ಸುರಿಸುತ್ತದೆ, ಮಿದುಳಿಗೆ ನರಗಳ ಮೂಲಕ ಸಂಕೇತ ಕಳಿಸಿ ಇಡೀ ಅನುವೇದನಾ ನರಮಂಡಲವನ್ನು ಕೆರಳಿಸುತ್ತದೆ. ಎರಡೂ ಮೂತ್ರಪಿಂಡಗಳನ್ನು ತೆಗೆಸಿಕೊಂಡ ಡಯಾಲಿಸಿಸ್ ರೋಗಿಗಳಲ್ಲಿ ಈ ನರಗಳ ಚಟುವಟಿಕೆ ಸಹಜ ಮಟ್ಟದಲ್ಲೇ ಇರುವುದನ್ನು 1992ರ ಒಂದು ಅಧ್ಯಯನ ಕಂಡುಕೊಂಡಿತು. ಕ್ಯಾಲ್ಸಿಯಂ ಕಟ್ಟಿ ಬಿರುಸಾದ ರಕ್ತನಾಳಗಳು ಮೇಲಿನ ಅಂಕಿಯನ್ನು ಏರಿಸಿ ಕೆಳಗಿನದನ್ನು ಇಳಿಸುತ್ತವೆ. 180/70ರಂಥ ಅಂತರ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಣುವುದು ಹೀಗೆ. ರಕ್ತಹೀನತೆಗೆ ಕೊಡುವ ಎರಿತ್ರೊಪಾಯಿಟಿನ್ ಚುಚ್ಚುಮದ್ದು, ಮಂಡಿನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೂ ಪಾಲು ಹಾಕುತ್ತವೆ.

ಸಿಯಾಟಲ್‌ನಿಂದ ಇಜ್ಮಿರ್‌ವರೆಗೆ

ಕೆಲಸಕ್ಕೆ ಬರುವ ಮೊದಲ ಡಯಾಲಿಸಿಸ್ ಯಂತ್ರವನ್ನು ವಿಲೆಮ್ ಕೋಲ್ಫ್ 1943ರಲ್ಲಿ, ಜರ್ಮನರ ವಶದಲ್ಲಿದ್ದ ನೆದರ್ಲೆಂಡ್ಸಿನ ಕಾಂಪೆನ್ ಪಟ್ಟಣದಲ್ಲಿ ಕಟ್ಟಿದ. ಆದರೆ ಪ್ರತಿ ಸಲವೂ ಹೊಸ ರಕ್ತನಾಳ ಕತ್ತರಿಸಬೇಕಾಗಿದ್ದರಿಂದ ಅದು ಕೆಲವು ದಿನಗಳ ಆಸರೆಯಷ್ಟೇ ಆಗಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ನಳಿಕೆಯನ್ನು ಕೈಯ ಧಮನಿಗೂ ಅಭಿಧಮನಿಗೂ ನಡುವೆ ಕೂರಿಸಿ, ಅದನ್ನು ಅಲ್ಲೇ ಉಳಿಸುವ ಉಪಾಯ ಕಂಡುಕೊಂಡ. 1960ರ ಮಾರ್ಚ್‌ನಲ್ಲಿ ಅದನ್ನು ಮೊದಲು ಹಾಕಿಸಿಕೊಂಡವನು ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರಕೆಲಸಗಾರ. ದೀರ್ಘಕಾಲದ ಡಯಾಲಿಸಿಸ್‌ನ ಚರಿತ್ರೆ ಅವನಿಂದ ಆರಂಭವಾಗುತ್ತದೆ. ಡಯಾಲಿಸಿಸ್ ಬಿಪಿಯ ಚರಿತ್ರೆಯೂ ಅವನಿಂದಲೇ. ಶೀಲ್ಡ್ಸ್‌ನ ರಕ್ತದೊತ್ತಡ ಪ್ರಾಣಾಪಾಯದ ಮಟ್ಟದಲ್ಲಿತ್ತು, ಆಗಿನ ಔಷಧಗಳಿಗೆ ಬಗ್ಗಲಿಲ್ಲ. ಸ್ಕ್ರಿಬ್ನರ್ ಯಂತ್ರದಿಂದ ಹೆಚ್ಚು ಹೆಚ್ಚು ನೀರು ತೆಗೆಸಿ ಊಟದಲ್ಲಿ ಉಪ್ಪು ಕಟ್ಟುನಿಟ್ಟಾಗಿ ಇಳಿಸಿದ. ಒತ್ತಡ ಇಳಿಯಿತು. ಶೀಲ್ಡ್ಸ್ 1971ರವರೆಗೆ ಬದುಕಿದ.

ಆ ದಶಕದ ವೈದ್ಯರಿಗೆ ಇದು ಸಾಮಾನ್ಯ ಜ್ಞಾನವಾಗಿತ್ತು. 1967ರ ಹೊತ್ತಿಗೆ ‘ಡ್ರೈ ವೇಟ್’, ಎಂದರೆ ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯಬೇಕಾದ ತೂಕ, ಎಂಬ ಪರಿಕಲ್ಪನೆ ಬರಹದಲ್ಲಿ ಬಂದಿತ್ತು. 1969ರಲ್ಲಿ ಅಮೆರಿಕದ ವರ್ಟೆಸ್ ಮತ್ತು ಸಂಗಡಿಗರು 40 ರೋಗಿಗಳಲ್ಲಿ 35 ಮಂದಿಯ ಒತ್ತಡವನ್ನು ಉಪ್ಪುನೀರು ಇಳಿಸಿಯೇ ಹಿಡಿತಕ್ಕೆ ತಂದದ್ದನ್ನು ವರದಿ ಮಾಡಿದರು. ಉಳಿದ ಐವರಲ್ಲಿ ರೆನಿನ್ ವಿಪರೀತವಾಗಿತ್ತು. ಅವರ ಮೂತ್ರಪಿಂಡಗಳನ್ನೇ ತೆಗೆಯಬೇಕಾಯಿತು.

ಮರೆವು ಬಂದದ್ದು ಎಂಬತ್ತರ ದಶಕದಲ್ಲಿ. ಸೋಸುವ ಪೊರೆಗಳು ಚುರುಕಾದವು, ಡಯಾಲಿಸಿಸ್ ಸಾಕಾಯಿತೇ ಇಲ್ಲವೇ ಎಂಬುದನ್ನು ರಕ್ತದಲ್ಲಿ ಯೂರಿಯಾ ಎಂಬ ಕಲ್ಮಶ ಎಷ್ಟು ಇಳಿಯಿತು ಎಂಬ ಒಂದೇ ಅಳತೆಯಿಂದ ತೀರ್ಮಾನಿಸುವ ಪದ್ಧತಿ ನೆಲೆಯೂರಿತು. 1981ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಡಯಾಲಿಸಿಸ್ ಅಧ್ಯಯನ ಹೊತ್ತಿಗಿಂತ ಯೂರಿಯಾ ಮುಖ್ಯ ಎಂದು ಓದಿಸಿಕೊಂಡಿತು. ಎಂಟು ಗಂಟೆಯ ಡಯಾಲಿಸಿಸ್ ಸರದಿ ನಾಲ್ಕಕ್ಕೆ, ಕೆಲವೆಡೆ ಮೂರಕ್ಕೆ ಇಳಿಯಿತು. ಯೂರಿಯಾ ಚಿಕ್ಕ ಕಣ, ಬೇಗ ಹೊರಗೆ ಬರುತ್ತದೆ, ನೀರು ಹಾಗಲ್ಲ. ಯಂತ್ರ ನೀರೆಳೆಯುವುದು ರಕ್ತದಿಂದ ಮಾತ್ರ. ಕಾಲಿನ ಬಾವಿನಲ್ಲಿ, ಹೊಟ್ಟೆಯಲ್ಲಿ, ಅಂಗಾಂಶಗಳ ಸಂದುಗಳಲ್ಲಿ ನಿಂತ ನೀರು ಒಸರಿ ರಕ್ತಕ್ಕೆ ಬರಲು ಹೊತ್ತು ಬೇಕು. ಒರತೆಗಿಂತ ಜೋರಾಗಿ ಪಂಪ್ ಓಡಿಸಿದರೆ ಬಾವಿ ಬತ್ತುವಂತೆ, ಅವಸರದಲ್ಲಿ ನೀರು ತೆಗೆದರೆ ಕುರ್ಚಿಯಲ್ಲೇ ಬಿಪಿ ಕುಸಿಯುತ್ತದೆ, ಕಾಲು ಸೆಳೆಯುತ್ತದೆ, ವಾಂತಿಯಾಗುತ್ತದೆ. ಟೆಕ್ನಿಷಿಯನ್ ಸಲೈನ್ ಹರಿಸುತ್ತಾನೆ; ತೆಗೆಯಬೇಕೆಂದಿದ್ದ ಉಪ್ಪುನೀರು ಮರಳಿ ಒಳಗೆ ಹೋಗುತ್ತದೆ. ಮನೆಗೆ ಬಂದ ಮೇಲೆ ಬಿಪಿ ಮತ್ತೆ ಏರುತ್ತದೆ, ಅದಕ್ಕೊಂದು ಮಾತ್ರೆ ಸೇರುತ್ತದೆ. ಆ ಮಾತ್ರೆಯಿಂದಾಗಿ ಮುಂದಿನ ಸಲ ನೀರು ತೆಗೆಯುವುದು ಇನ್ನೂ ಕಷ್ಟ.

ಈ ಗಾಳಿಗೆ ಎದುರಾಗಿ ನಿಂತದ್ದು ಫ್ರಾನ್ಸಿನ ಲಿಯೋನ್ ಬಳಿಯ ತಾಸ್ಸೆಂ ಎಂಬ ಊರಿನ ಘಟಕ. ಗೀ ಲೋರಾನ್ ಮತ್ತು ಬರ್ನಾರ್ ಶಾರಾ ಎಂಬ ವೈದ್ಯರು ವಾರಕ್ಕೆ ಮೂರು ಸಲ, ಪ್ರತಿ ಸಲ ಎಂಟು ಗಂಟೆಯ ಹಳೆಯ ಕ್ರಮವನ್ನೇ ಉಳಿಸಿಕೊಂಡರು. ಉಪ್ಪು ಕಡಿಮೆ ಮಾಡಿಸಿದರು, ಒತ್ತಡ ಇಳಿಯುತ್ತ ಬಂದಂತೆ ಮಾತ್ರೆಗಳನ್ನು ಬಿಡಿಸಿದರು. ಅಲ್ಲಿ ಬಿಪಿ ಮಾತ್ರೆ ಬೇಕಾದವರು ನೂರಕ್ಕೆ ಐವರಿಗಿಂತ ಕಡಿಮೆ. 1992ರಲ್ಲಿ ಅವರು ಪ್ರಕಟಿಸಿದ 445 ರೋಗಿಗಳ ಲೆಕ್ಕದಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 87, ಹತ್ತು ವರ್ಷ ಬದುಕಿದವರು ನೂರಕ್ಕೆ 75. ಇನ್ನೊಂದು ವಿಷಯವನ್ನೂ ಅವರು ಗುರುತಿಸಿದರು: ಹೆಚ್ಚಿನ ನೀರು ಹೋದ ದಿನವೇ ಒತ್ತಡ ಇಳಿಯುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಇಳಿಯುತ್ತದೆ. ನಾಲ್ಕು ಸರದಿ ನೋಡಿ ‘ನೀರು ತೆಗೆದರೂ ಪ್ರಯೋಜನವಿಲ್ಲ’ ಎಂದು ಕೈಚೆಲ್ಲುವವರು ಈ ವಿಳಂಬವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಎಂಟು ಗಂಟೆ ಎಲ್ಲರಿಗೂ ಸಾಧ್ಯವಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಟರ್ಕಿಯ ಇಜ್ಮಿರ್‌ನಿಂದ ಬಂತು. ಅಲ್ಲಿನ ಏಗೆ ವಿಶ್ವವಿದ್ಯಾಲಯದ ವೈದ್ಯರು ಸಾಮಾನ್ಯ ನಾಲ್ಕು ಗಂಟೆಯ ಸರದಿಯಲ್ಲೇ, ಬಿಗಿಯಾದ ಉಪ್ಪಿನ ಪಥ್ಯ ಮತ್ತು ಸತತ ನೀರಿಳಿಕೆಯಿಂದ ಬಹುಪಾಲು ರೋಗಿಗಳ ಮಾತ್ರೆಗಳನ್ನು ಬಿಡಿಸಿದರು. ಹೃದಯದ ಗಾತ್ರವೂ ಕುಗ್ಗಿತು. ನನ್ನ ಮಟ್ಟಿಗೆ, ನಮ್ಮಂಥ ದೇಶಗಳಿಗೆ ತಾಸ್ಸೆಂಗಿಂತ ಇಜ್ಮಿರ್ ಹತ್ತಿರದ ಮಾದರಿ.

ಅಳತೆಯ ಸಮಸ್ಯೆ

ಡಯಾಲಿಸಿಸ್ ಘಟಕದಲ್ಲಿ ಸೂಜಿ ಹಾಕುವ ಮೊದಲು, ತೆಗೆದ ಮೇಲೆ ಬರೆದಿಡುವ ಬಿಪಿ ಅವಸರದ್ದು. ರೋಗಿ ಬಸ್ಸಿಳಿದು ಬಂದಿರುತ್ತಾನೆ, ಸೂಜಿಯ ಭಯವಿರುತ್ತದೆ, ಎರಡು ಮೂರು ಕಿಲೋ ನೀರು ಹೊತ್ತಿರುತ್ತಾನೆ. ಮುಗಿಸಿ ಏಳುವಾಗ ಅದೇ ವ್ಯಕ್ತಿಯ ಅಂಕಿ 40 ಇಳಿದಿರಬಹುದು. ಯಾವುದು ನಿಜ? 2005ರ ಅಮೆರಿಕದ ಮಾರ್ಗಸೂಚಿ ಡಯಾಲಿಸಿಸ್‌ಗೆ ಮೊದಲು 140/90, ಮುಗಿದ ಮೇಲೆ 130/80ಕ್ಕಿಂತ ಕೆಳಗೆ ಎಂಬ ಗುರಿ ಸೂಚಿಸಿತಾದರೂ ಅದಕ್ಕೆ ಗಟ್ಟಿ ಪ್ರಯೋಗದ ಬೆಂಬಲವಿರಲಿಲ್ಲ, ತಜ್ಞರ ಅಭಿಪ್ರಾಯವಿತ್ತು. ಎರಡು ಸರದಿಗಳ ನಡುವಿನ 44 ಗಂಟೆ ಪಟ್ಟಿ ಕಟ್ಟಿಕೊಂಡು ಅಳೆಯುವುದು ಅತ್ಯಂತ ನಂಬಿಕೆಯ ವಿಧಾನ, ಆದರೆ ಅದು ಎಲ್ಲೆಡೆ ಸಿಗದು. ಮನೆಯ ಅಳತೆ ಅದಕ್ಕೆ ಒಳ್ಳೆಯ ಬದಲಿ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬೆಳಿಗ್ಗೆ, ರಾತ್ರಿ, ಐದು ನಿಮಿಷ ಕೂತು, ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ಧಮನಿ, ಅಭಿಧಮನಿಗಳನ್ನು ಜೋಡಿಸಿದ ಜಾಗ) ಇಲ್ಲದ ಕೈಯಲ್ಲಿ ನೋಡಿದ ಕೆಲವು ದಿನಗಳ ಸರಾಸರಿ 135/85 ದಾಟಿದರೆ ಒತ್ತಡ ಹೆಚ್ಚಿದೆ ಎಂದು ಯುರೋಪಿನ ತಜ್ಞರ 2017ರ ಒಮ್ಮತ ಹೇಳುತ್ತದೆ. ಫಿಸ್ಟುಲಾ ಇರುವ ಕೈಗೆ ಪಟ್ಟಿ ಕಟ್ಟಲೇಬಾರದು; ಹೆಪ್ಪುಗಟ್ಟಿ ಅದು ಮುಚ್ಚಿಹೋಗಬಹುದು.

ಘಟಕದ ಅಂಕಿಗಳನ್ನು ನಂಬಿ ಹೊರಟ ಸಂಶೋಧಕರು ಒಂದು ವಿಚಿತ್ರ ಕಂಡರು: ಡಯಾಲಿಸಿಸ್‌ಗೆ ಮೊದಲು ಬಿಪಿಯ ಮೇಲಿನ ಅಂಕಿ 110ಕ್ಕಿಂತ ಕಡಿಮೆ ಇದ್ದವರೇ ಹೆಚ್ಚು ಸಾಯುತ್ತಿದ್ದರು. ಹಾಗಾದರೆ ಏರಿದ ಬಿಪಿ ಒಳ್ಳೆಯದೇ ಎಂಬ ವಾದವೂ ಹುಟ್ಟಿತು. ಆದರೆ ಆ ಕಡಿಮೆ ಅಂಕಿ ಬಹುಮಟ್ಟಿಗೆ ಸೋತ ಹೃದಯದ ಗುರುತು. ಅಮೆರಿಕದ ಇನ್ನೊಂದು ಅಧ್ಯಯನ ಅದೇ ಬಗೆಯ ರೋಗಿಗಳನ್ನು ಘಟಕದ ಹೊರಗೆ ಅಳೆದಾಗ ಚಿತ್ರ ಬೇರೆಯಾಯಿತು. ಒತ್ತಡ ಏರಿದಂತೆ ಸಾವೂ ಏರಿತು.

ಡ್ರೈ ವೇಟ್ ಹುಡುಕುವುದು

ಮೂತ್ರಪಿಂಡ ತಜ್ಞ ರಾಜೀವ್ ಅಗರ್ವಾಲ್ ನೇತೃತ್ವದ 2009ರ ಪ್ರಯೋಗ ಈ ಕ್ಷೇತ್ರದ ತಿರುವು. 150 ರೋಗಿಗಳಲ್ಲಿ 100 ಮಂದಿಯ ಡ್ರೈ ವೇಟನ್ನು ಸರದಿಯಿಂದ ಸರದಿಗೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಆರಂಭದ ಅಳತೆ ದೇಹದ 10 ಕಿಲೋಗೆ 100 ಗ್ರಾಂ, ರೋಗಿಗೆ ತಡೆದುಕೊಳ್ಳಲಾಗದಿದ್ದರೆ ಇನ್ನೂ ಕಡಿಮೆ. ಮಾತ್ರೆ ಬದಲಿಸಲಿಲ್ಲ, ಸರದಿಯ ಹೊತ್ತು ಹೆಚ್ಚಿಸಲಿಲ್ಲ. ಎಂಟು ವಾರದಲ್ಲಿ ತೂಕ ಇಳಿದದ್ದು ಒಂದು ಕಿಲೋ ಮಾತ್ರ. 44 ಗಂಟೆಯ ಸರಾಸರಿ ಒತ್ತಡ, ಉಳಿದ 50 ಮಂದಿಗೆ ಹೋಲಿಸಿದರೆ, 6.6/3.3 ಅಂಶ ಇಳಿಯಿತು. ಕಾಲಿನಲ್ಲಿ ಬಾವಿಲ್ಲದವರಲ್ಲೂ ಹೀಗೆ ತೆಗೆಯಬಹುದಾದ ನೀರಿತ್ತು ಎಂಬುದನ್ನು ಗಮನಿಸಬೇಕು. ಬಾವಿಲ್ಲ ಎಂದರೆ ನೀರಿಲ್ಲ ಎಂದು ಅರ್ಥವಲ್ಲ. ಎದೆಯ ಎಕ್ಸ್‌ರೇ, ಶ್ವಾಸಕೋಶದ ಅಲ್ಟ್ರಾಸೌಂಡ್, ದೇಹದ ನೀರನ್ನು ಸಣ್ಣ ವಿದ್ಯುತ್ತಿನಿಂದ ಅಂದಾಜಿಸುವ ಯಂತ್ರ ನೆರವಿಗಿವೆ. ಯಾವುದೂ ನುರಿತ ವೈದ್ಯನ ತಿಂಗಳ ತಪಾಸಣೆಗೆ ಪೂರ್ತಿ ಬದಲಿಯಲ್ಲ. ರೋಗಿ ಹಸಿವಾಗಿ ಉಂಡು ಮೈ ತುಂಬಿಕೊಂಡರೆ ಡ್ರೈ ವೇಟ್ ಏರಬೇಕು. ಜ್ವರ ಬಂದು ಸೊರಗಿದರೆ ಅದೇ ತೂಕದಲ್ಲಿ ಮಾಂಸ ಕಡಿಮೆಯಾಗಿ ನೀರು ಸೇರಿರುತ್ತದೆ, ಆಗ ಇಳಿಸಬೇಕು. ಆರು ತಿಂಗಳು ಚಾರ್ಟಿನಲ್ಲಿ ಒಂದೇ ಅಂಕಿ ಕೂತಿದ್ದರೆ ಅನುಮಾನಿಸಲು ಅದೇ ಸಾಕು.

ನೀರು ತೆಗೆಯುವ ವೇಗಕ್ಕೂ ಮಿತಿಯಿದೆ. ಗಂಟೆಗೆ ದೇಹದ ಪ್ರತಿ ಕಿಲೋಗೆ 13 ಮಿಲಿಲೀಟರ್ ದಾಟಿದರೆ ಸಾವಿನ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. 60 ಕಿಲೋ ತೂಗುವವರಿಗೆ ನಾಲ್ಕು ಗಂಟೆಯಲ್ಲಿ ಇದು ಸುಮಾರು ಮೂರು ಲೀಟರ್. ಅದಕ್ಕಿಂತ ಹೆಚ್ಚು ತಂದವರಿಗೆ ಹೊತ್ತು ಹೆಚ್ಚಿಸಬೇಕು ಅಥವಾ ಇನ್ನೊಂದು ಸರದಿ ಕೊಡಬೇಕು. ಮಿತಿ ಮೀರಿ ಎಳೆದರೆ ಹೃದಯದ ಸ್ನಾಯು ಸರದಿ ಸರದಿಗೂ ಮಂಕಾಗುತ್ತದೆ, ಫಿಸ್ಟುಲಾ ಮುಚ್ಚಬಹುದು, ಉಳಿದಿದ್ದ ಅಷ್ಟಿಷ್ಟು ಮೂತ್ರವೂ ನಿಲ್ಲಬಹುದು. ವಾರಕ್ಕೆ ಆರು ಸಲ ಡಯಾಲಿಸಿಸ್ ಕೊಟ್ಟ 2010ರ ಅಮೆರಿಕದ ಪ್ರಯೋಗದಲ್ಲಿ ಒತ್ತಡವೂ ಹೃದಯದ ದಪ್ಪವೂ ಇಳಿದವು. ಫಿಸ್ಟುಲಾ ತೊಂದರೆಗಳು ಹೆಚ್ಚಿದವು. ಭಾರತದಲ್ಲಿ ಸಮಸ್ಯೆ ತಿರುಗುಮುರುಗು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಸೇವೆ ಸಿಗುವಂತಾದರೂ, ಖರ್ಚು, ಪ್ರಯಾಣ, ಯಂತ್ರಗಳ ಕೊರತೆಯಿಂದ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಬಹಳ. ಮೂತ್ರ ಪೂರ್ತಿ ನಿಂತವರಿಗೆ ಎರಡು ಸಲದಲ್ಲಿ ಬಿಪಿ ಹಿಡಿಯುವುದು ಬಲು ಕಷ್ಟ. ವಾರಕ್ಕೆ ಮೂರು ಸಲದವರಲ್ಲೂ ಎರಡು ದಿನದ ದೊಡ್ಡ ಬಿಡುವಿನ ನಂತರದ ದಿನವೇ ಸಾವು, ಹೃದಯಾಘಾತಗಳು ಹೆಚ್ಚು.

ಅಡುಗೆಮನೆ

ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಎಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಅಡುಗೆಗೆ ಹಾಕುವುದು, ಅಂಗಡಿ ತಿಂಡಿಯಲ್ಲಿ ಅಡಗಿರುವುದು ಎಲ್ಲ ಸೇರಿ ಇಷ್ಟು. ನಮ್ಮ ಊಟದಲ್ಲಿ ಇದು ಸುಲಭವಲ್ಲ ಎಂದು ಒಪ್ಪಿಕೊಂಡೇ ಮಾತಾಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ. ಕರಾವಳಿ ಮಲೆನಾಡುಗಳಲ್ಲಿ ಉಪ್ಪುನೀರಿನ ಮಾವಿನಕಾಯಿ, ಉಪ್ಪುಸೊಳೆ, ಒಣಮೀನು. ಬಯಲುಸೀಮೆಯ ಮುದ್ದೆಗೆ ಉಪ್ಪುಸಾರು. ಬೇಕರಿಯ ಬನ್ನು, ಖಾರಾ ಬಿಸ್ಕತ್ತು, ಪೊಟ್ಟಣದ ನೂಡಲ್ಸ್, ಹೋಟೆಲ್ ಸಾಂಬಾರು ಇವುಗಳ ಲೆಕ್ಕ ಯಾರೂ ಇಡುವುದಿಲ್ಲ. ಅಡುಗೆ ಸೋಡಾವೂ ಸೋಡಿಯಂ. ಮನೆಯವರೆಲ್ಲರ ಸಾರಿಗೆ ಉಪ್ಪು ಹಾಕುವ ಮೊದಲು ರೋಗಿಯ ಪಾಲು ಬೇರೆ ತೆಗೆದಿಟ್ಟು ಹುಣಸೆ, ನಿಂಬೆ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆಯಿಂದ ರುಚಿ ಕಟ್ಟುವುದು ಕಾರ್ಯಸಾಧ್ಯವಾದ ದಾರಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.

ಇಲ್ಲೊಂದು ಅಪಾಯಕಾರಿ ತಪ್ಪು ಆಗಾಗ ನಡೆಯುತ್ತದೆ. ‘ಬಿಪಿಯವರಿಗೆ ಒಳ್ಳೆಯದು’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಇರುತ್ತದೆ. ಬೇರೆಯವರಿಗೆ ಅದು ಹಿತವೇ ಇರಬಹುದು. ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ನಿಂತೇ ಹೋಗಬಹುದು. ಎಳನೀರಿನ ಮಾತೂ ಅದೇ.

‘ನೀರು ಕಡಿಮೆ ಕುಡಿಯಿರಿ’ ಎಂಬ ಉಪದೇಶ ಉಪ್ಪಿನ ಮಾತಿಲ್ಲದೆ ನಿರರ್ಥಕ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಅದು ಗಾದೆಯಲ್ಲೂ ಇದೆ, ಶರೀರಶಾಸ್ತ್ರದಲ್ಲೂ ಇದೆ. ಹಿಂದಿನ ದಿನ ಹೋದ ಮೂತ್ರದ ಅಳತೆಗೆ ಅರ್ಧ ಲೀಟರ್ ಸೇರಿಸಿದಷ್ಟು ದ್ರವ ಎಂಬುದು ಸಾಮಾನ್ಯ ಸೂತ್ರ. ಮಜ್ಜಿಗೆ, ಗಂಜಿ, ಅಂಬಲಿ, ಸಾರು, ಕಾಫಿ ಎಲ್ಲವೂ ಅದರೊಳಗೇ. ಎರಡು ಸರದಿಗಳ ನಡುವೆ ತೂಕ ಡ್ರೈ ವೇಟಿನ ನೂರಕ್ಕೆ ನಾಲ್ಕು ಪಾಲಿನೊಳಗೆ ಏರಿದರೆ ಚೆನ್ನು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಬಾಯಾರಿಕೆ ಇನ್ನೊಂದು ದಾರಿಯಿಂದಲೂ ಬರುತ್ತದೆ.

ಮಾತ್ರೆಗಳು

ಇಷ್ಟೆಲ್ಲ ಮಾಡಿಯೂ ಏರಿದ ಒತ್ತಡಕ್ಕೆ ಔಷಧ ಬೇಕು, ಫಲವೂ ಇದೆ. ಎಂಟು ಪ್ರಯೋಗಗಳ 1,679 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲಿ ಬಿಪಿ ಔಷಧ ಪಡೆದವರಿಗೆ ಹೃದಯ–ರಕ್ತನಾಳದ ಅವಘಡಗಳು ನೂರಕ್ಕೆ 29ರಷ್ಟು ಕಡಿಮೆಯಾದವು. ಯಾವುದನ್ನು ಮೊದಲು ಕೊಡಬೇಕು ಎಂಬುದಕ್ಕೆ ಒಂದು ನೇರ ಹೋಲಿಕೆ ಇದೆ. 2014ರಲ್ಲಿ ಪ್ರಕಟವಾದ ಅಗರ್ವಾಲ್ ಅವರದೇ ಪ್ರಯೋಗ 200 ರೋಗಿಗಳಿಗೆ ಡಯಾಲಿಸಿಸ್ ಮುಗಿದ ಕೂಡಲೇ, ವಾರಕ್ಕೆ ಮೂರು ಸಲ, ಘಟಕದಲ್ಲೇ ಅಟೆನಲಾಲ್ ಅಥವಾ ಲಿಸಿನೊಪ್ರಿಲ್ ನುಂಗಿಸಿತು. ಲಿಸಿನೊಪ್ರಿಲ್ ಗುಂಪಿನಲ್ಲಿ ಗಂಭೀರ ಹೃದಯ ತೊಂದರೆಗಳು ಹೆಚ್ಚಾಗಿ ಪ್ರಯೋಗವನ್ನು ಅವಧಿಗೆ ಮುನ್ನ ನಿಲ್ಲಿಸಬೇಕಾಯಿತು. ಅಂದಿನಿಂದ ಅಟೆನಲಾಲ್ ತರಹದ, ಬೀಟಾ ತಡೆಯುವ ಔಷಧಗಳಿಗೆ ಇಲ್ಲಿ ಮೊದಲ ಮಣೆ. ಅಮ್ಲೊಡಿಪಿನ್ ಕೂಡ ವ್ಯಾಪಕ ಬಳಕೆಯಲ್ಲಿದೆ. ಹೃದಯವನ್ನು ಕಾಪಾಡೀತೆಂದು ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧದ ಮೇಲೆ ಇದ್ದ ಆಸೆ 2025ರ ದೊಡ್ಡ ಪ್ರಯೋಗಗಳಲ್ಲಿ ಫಲಿಸಲಿಲ್ಲ.

ಔಷಧವನ್ನು ಯಂತ್ರ ಎಳೆದುಬಿಡುತ್ತದೆಯೇ ಎಂಬುದನ್ನೂ ನೋಡಬೇಕು. ಅಟೆನಲಾಲ್, ಮೆಟೊಪ್ರೊಲಾಲ್, ಲಿಸಿನೊಪ್ರಿಲ್, ಎನಾಲಪ್ರಿಲ್ ಡಯಾಲಿಸಿಸ್‌ನಲ್ಲಿ ಹೊರಹೋಗುತ್ತವೆ. ಸರದಿ ಮುಗಿದ ಮೇಲೆ ನುಂಗುವುದು ಸರಿ. ಕಾರ್ವಡಿಲಾಲ್, ಅಮ್ಲೊಡಿಪಿನ್, ಟೆಲ್ಮಿಸಾರ್ಟನ್ ಉಳಿಯುತ್ತವೆ. ಕ್ಲೊನಿಡಿನ್ ಒತ್ತಡವನ್ನು ಇಳಿಸುವುದೇನೋ ನಿಜ, ಆದರೆ ತೀರಿತೆಂದು ಒಮ್ಮೆಲೇ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲಕ್ಕೆ ನೆಗೆಯುತ್ತದೆ. ಡಯಾಲಿಸಿಸ್ ದಿನ ಬೆಳಿಗ್ಗೆ ಎಲ್ಲ ಬಿಪಿ ಮಾತ್ರೆ ಬಿಡುವ ರೂಢಿ ಹಲವೆಡೆ ಇದೆ. ಕುರ್ಚಿಯಲ್ಲಿ ಬಿಪಿ ಬೀಳುವವರಿಗೆ ಅದು ಹೊಂದಬಹುದು, ಎಲ್ಲರಿಗೂ ಅಲ್ಲ. ರಾತ್ರಿಗೆ ಬದಲಿಸಿಕೊಳ್ಳಬಹುದೇ ಎಂದು ವೈದ್ಯರನ್ನೇ ಕೇಳುವುದು ಮೇಲು.

ನೂರಕ್ಕೆ 5ರಿಂದ 15 ರೋಗಿಗಳಲ್ಲಿ ನೀರು ತೆಗೆಯುತ್ತಿದ್ದಂತೆ ಬಿಪಿ ಇಳಿಯುವ ಬದಲು ಏರುತ್ತದೆ. ನೀರು ಹೆಚ್ಚು ತೆಗೆದದ್ದೇ ಕಾರಣ ಎಂದು ರೋಗಿಯೂ ಕೆಲವೊಮ್ಮೆ ಸಿಬ್ಬಂದಿಯೂ ಭಾವಿಸುತ್ತಾರೆ. ಬಹುತೇಕ ಇವರ ದೇಹದಲ್ಲಿ ಇನ್ನೂ ತೆಗೆಯಬೇಕಾದ ನೀರಿರುತ್ತದೆ. ಜೊತೆಗೆ ರಕ್ತನಾಳದ ಒಳಪದರ ಎಂಡೊಥೀಲಿನ್ ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸಿ ನಾಳಗಳನ್ನು ಬಿಗಿಯುತ್ತದೆ. ಡ್ರೈ ವೇಟ್ ಇಳಿಸುವುದು, ಡಯಾಲಿಸಿಸ್ ದ್ರಾವಣದ ಸೋಡಿಯಂ ರೋಗಿಯ ರಕ್ತದ ಸೋಡಿಯಂ ಮೀರದಂತೆ ನೋಡುವುದು, ಕಾರ್ವಡಿಲಾಲ್ ಕೊಡುವುದು ರೂಢಿಯಲ್ಲಿರುವ ಕ್ರಮಗಳು.

ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್‌ನಲ್ಲಿ ನೀರು ದಿನವೂ ಹೋಗುವುದರಿಂದ ಆರಂಭದಲ್ಲಿ ಒತ್ತಡ ಚೆನ್ನಾಗಿ ಇಳಿಯುತ್ತದೆ. ವರ್ಷಗಳು ಕಳೆದು ಮೂತ್ರ ನಿಂತಂತೆ ಮತ್ತೆ ಏರುತ್ತದೆ. ಮೂತ್ರಪಿಂಡ ಕಸಿಯಾದವರಲ್ಲೂ ಕಸಿ ಉಳಿಸಲು ಕೊಡುವ ಸ್ಟೀರಾಯ್ಡ್, ಟ್ಯಾಕ್ರೊಲಿಮಸ್‌ಗಳ ಕಾರಣ ಬಿಪಿ ಮಾತ್ರೆ ಪೂರ್ತಿ ತಪ್ಪುವುದು ಕಡಿಮೆ.

ತುರ್ತು ಸ್ಥಿತಿ

ಬಿಪಿಯ ಮೇಲಿನ ಅಂಕಿ 180 ದಾಟಿ, ಅದರೊಡನೆ ಮಲಗಿದರೆ ಉಸಿರು ಕಟ್ಟುವುದು, ಕೂತೇ ರಾತ್ರಿ ಕಳೆಯಬೇಕಾಗುವುದು, ಕೆಮ್ಮಿದಾಗ ನೊರೆ ಬರುವುದು ಇದ್ದರೆ ಶ್ವಾಸಕೋಶಕ್ಕೆ ನೀರು ಸೇರಿದೆ ಎಂದೇ ತಿಳಿಯಬೇಕು. ಎದೆನೋವು, ಮಂಜಾದ ಕಣ್ಣು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು ಇವೂ ಅಷ್ಟೇ ತುರ್ತು. ನಿಫೆಡಿಪಿನ್ ಗುಳಿಗೆಯನ್ನು ಒಡೆದು ನಾಲಿಗೆಯಡಿ ಹಾಕುವ ಹಳೆಯ ಪದ್ಧತಿಯನ್ನು ಬಿಡಲಾಗಿದೆ. ಒತ್ತಡ ಹಠಾತ್ತನೆ ಕುಸಿದು ಹೃದಯಾಘಾತ, ಪಾರ್ಶ್ವವಾಯು ಆದದ್ದುಂಟು. ಶ್ವಾಸಕೋಶದಲ್ಲಿ ನೀರು ನಿಂತಾಗ ಬೇಕಾದದ್ದು ಆಮ್ಲಜನಕ ಮತ್ತು ತುರ್ತು ಡಯಾಲಿಸಿಸ್. ನಾಳಿದ್ದು ಹೇಗೂ ನಮ್ಮ ಸರದಿ ಇದೆ ಎಂದು ಕಾಯಬೇಡಿ; ಆ ರಾತ್ರಿಯೇ ಡಯಾಲಿಸಿಸ್ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ, ಚಾರ್ಟು ಮತ್ತು ಮಾತ್ರೆಗಳ ಚೀಟಿಯೊಡನೆ ಕರೆದೊಯ್ಯಿರಿ.